ಕಾಂಪ್ಯಾಕ್ಟ್ ಕ್ರಾಸ್‌ಓವರ್ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ತಗೊಳ್ಳುವ ಯೋಚನೆ ಬಂದಾಗ ನೆಂಟರು, ಸ್ನೇಹಿತರು ನನಗೆ ಫೋನ್ ಮಾಡುತ್ತಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಯಾವ ಕಂಪನಿದು ಒಳ್ಳೇದು?" ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ದಿನಾ ಎಷ್ಟು ದೂರ ಓಡಿಸುತ್ತೀರಿ? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ, ನೀವು ನೋಡುತ್ತಿರುವ ಆ ಒಂದು ಗಾಡಿಯನ್ನು ಇಷ್ಟು ದಿನ ಹೇಗೆ ನೋಡಿಕೊಂಡಿದ್ದಾರೆ ಅನ್ನುವುದು. ಕಂಪನಿ ಹೆಸರು ಇವೆರಡರ ನಂತರ ಬರುತ್ತದೆ. ಕೆಳಗಿನ ಉತ್ತರಗಳನ್ನೆಲ್ಲ ಈ ಲೆಕ್ಕದಲ್ಲೇ ಬರೆದಿದ್ದೇನೆ.

ಕ್ರಾಸ್‌ಓವರ್ ಅಂದರೆ ಏನು? ಎಸ್‌ಯುವಿಗೂ ಇದಕ್ಕೂ ಏನು ವ್ಯತ್ಯಾಸ?

ನೋಡೋಕೆ ಎರಡೂ ಒಂದೇ ಥರ. ವ್ಯತ್ಯಾಸ ಇರುವುದು ತಳದಲ್ಲಿ. ಹಳೆ ಕಾಲದ ಎಸ್‌ಯುವಿ ಲಾರಿಯ ಹಾಗೆ. ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಕ್ರಾಸ್‌ಓವರ್‌ನಲ್ಲಿ ಚಾಸಿ ಮತ್ತು ಬಾಡಿ ಬೇರೆ ಬೇರೆ ಅಲ್ಲ. ಮಾಮೂಲಿ ಕಾರಿನ ಹಾಗೆ ಎಲ್ಲ ಸೇರಿ ಒಂದೇ ಕಟ್ಟು. ಕಾರಿನ ಬುನಾದಿಯನ್ನೇ ತಗೊಂಡು ಸ್ವಲ್ಪ ಎತ್ತರ ಮಾಡಿದ್ದಾರೆ ಅಂದುಕೊಳ್ಳಿ.

ಟೊಯೋಟಾ 1994ರಲ್ಲಿ ರ್‍ಯಾವ್4 ತಂದಿತು. ಮರುವರ್ಷ ಹೋಂಡಾದ ಸಿಆರ್-ವಿ ಬಂತು. 1997ರಲ್ಲಿ ಸುಬಾರು ಫಾರೆಸ್ಟರ್ ಬಂತು. ಈ ಥರದ ಗಾಡಿ ಮನೆಮಾತಾಗಿದ್ದು ಇವುಗಳಿಂದ. ಓಡಿಸೋಕೆ ಕಾರಿನಷ್ಟು ಹಗುರ, ಕೂರೋಕೆ ಎಸ್‌ಯುವಿಯಷ್ಟು ಎತ್ತರ. ಜನಕ್ಕೆ ಅದೇ ಬೇಕಿತ್ತು.

ಬಂಡೆ ಹತ್ತಿಸಬೇಕು, ಭಾರದ ಟ್ರೇಲರ್ ಎಳೆಯಬೇಕು ಅನ್ನುವವರಿಗೆ ಏಣಿ ಚಾಸಿಯ ಗಾಡಿಯೇ ಸರಿ. ಆಫೀಸು, ಶಾಲೆ, ಆಗಾಗ ದೂರ ಪ್ರಯಾಣ, ಅಲ್ಲೊಂದು ಇಲ್ಲೊಂದು ಕೆಟ್ಟ ರಸ್ತೆ ಅನ್ನುವವರಿಗೆ ಕ್ರಾಸ್‌ಓವರ್ ಸಾಕು.

ನನಗೆ ನಿಜವಾಗಿ ಇದು ಬೇಕಾ? ಚಿಕ್ಕ ಕಾರೇ ಸಾಕಲ್ವಾ?

ಕೆಲವರಿಗೆ ಸಾಕು. ಒಬ್ಬರು ಇಬ್ಬರು ಓಡಾಡುವುದು, ರಸ್ತೆ ಚೆನ್ನಾಗಿದೆ, ಪಾರ್ಕಿಂಗ್ ಜಾಗ ಇಕ್ಕಟ್ಟು ಅಂದರೆ ಹ್ಯಾಚ್‌ಬ್ಯಾಕ್ ತಗೊಳ್ಳಿ. ಅದೇ ಎಂಜಿನ್ ಇರುವ ಚಿಕ್ಕ ಕಾರು ಹಗುರ ಇರುತ್ತದೆ, ಗಾಳಿಯನ್ನೂ ಸುಲಭವಾಗಿ ಸೀಳುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹೈವೇಯಲ್ಲಿ ಎತ್ತರದ ಗಾಡಿಯ ಮೈಲೇಜ್ ಇಳಿಯುವುದು ಇದರಿಂದಲೇ.

ಆದರೆ ಕ್ರಾಸ್‌ಓವರ್‌ಗೆ ಒಂದು ನಿಜವಾದ ಗುಣ ಇದೆ. ಶೋರೂಮಿನಲ್ಲಿ ಅದರ ಮಾತು ಯಾರೂ ಎತ್ತುವುದಿಲ್ಲ. ಅದು ಸೀಟಿನ ಎತ್ತರ. ನಮ್ಮಮ್ಮನಿಗೆ ಮಂಡಿ ನೋವು. ಹಳೆ ಸೆಡಾನ್‌ನಲ್ಲಿ ಕೂರುವಾಗ ಅವರು ಬಾಗಿಲ ಚೌಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ಕೆಳಗೆ ಜಾರಿದ ಹಾಗೆ ಕೂರುತ್ತಿದ್ದರು. ಇಳಿಯುವಾಗ ಇಬ್ಬರು ಕೈ ಕೊಡಬೇಕಿತ್ತು. ಕ್ರಾಸ್‌ಓವರ್‌ನ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ. ಹತ್ತಬೇಕಾಗಿಲ್ಲ, ಇಳಿಯಬೇಕಾಗಿಲ್ಲ. ಪಕ್ಕಕ್ಕೆ ಕೂತು ಕಾಲು ಒಳಗೆ ತಿರುಗಿಸಿದರೆ ಮುಗಿಯಿತು. ಮಗುವನ್ನು ಚೈಲ್ಡ್ ಸೀಟಿಗೆ ಕೂರಿಸಿ ಬೆಲ್ಟ್ ಹಾಕುವವರ ಬೆನ್ನಿಗೂ ಇದೇ ಎತ್ತರ ಹಿತ.

ಆದ್ದರಿಂದ ಗಾಡಿ ನೋಡೋಕೆ ಒಬ್ಬರೇ ಹೋಗಬೇಡಿ. ಹಿಂದೆ ಕೂರುವವರನ್ನು ಕರೆದುಕೊಂಡು ಹೋಗಿ. ಕೆಲವು ಮಾಡೆಲ್‌ಗಳಲ್ಲಿ ಬಾಗಿಲ ಕೆಳಗಿನ ಹೊಸ್ತಿಲು ತುಂಬಾ ಅಗಲ. ಕೆಲವಕ್ಕೆ ಹಿಂದೆ ಚಾವಣಿ ಇಳಿಜಾರಾಗಿದ್ದು ತಲೆ ತಾಗುತ್ತದೆ. ಇದೆಲ್ಲ ಕೂತು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹೊಸದು ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ತಗೊಳ್ಳಲಾ?

ಹೊಸ ಗಾಡಿಯ ಬೆಲೆ ತುಂಬಾ ಜೋರಾಗಿ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆ ನಷ್ಟವನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ. ಎರಡರಿಂದ ನಾಲ್ಕು ವರ್ಷದ, ಚೆನ್ನಾಗಿ ನೋಡಿಕೊಂಡ ಗಾಡಿ ಸಿಕ್ಕರೆ ಅದೇ ದುಡ್ಡಿಗೆ ಒಂದು ಮಟ್ಟ ಮೇಲಿನ ಮಾಡೆಲ್ ಬರುತ್ತದೆ. ಕಂಪನಿ ವಾರಂಟಿ ಇನ್ನೂ ಸ್ವಲ್ಪ ಉಳಿದಿದ್ದರೆ ಇನ್ನೂ ಒಳ್ಳೆಯದು.

ಹೊಸದು ಯಾರಿಗೆ? ಗಾಡಿಯನ್ನು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ. ಪದೇ ಪದೇ ಗ್ಯಾರೇಜಿಗೆ ಹೋಗೋಕೆ ಸಮಯ ಇಲ್ಲದವರಿಗೆ. ಇತ್ತೀಚಿನ ಸೇಫ್ಟಿ ಸೌಲಭ್ಯ ಬೇಕೇ ಬೇಕು ಅನ್ನುವವರಿಗೆ. ಹತ್ತು ವರ್ಷ ಇಟ್ಟುಕೊಂಡರೆ ಮೊದಲ ವರ್ಷದ ನಷ್ಟ ಹರಡಿಹೋಗುತ್ತದೆ. ಮೂರು ವರ್ಷಕ್ಕೊಮ್ಮೆ ಬದಲಾಯಿಸುವ ಅಭ್ಯಾಸ ಇದ್ದರೆ ಹೊಸದು ದುಬಾರಿ ಬೀಳುತ್ತದೆ.

ಒಂದು ಮಾತು ನೆನಪಿಡಿ. ಸೆಕೆಂಡ್ ಹ್ಯಾಂಡ್‌ಗೆ ಬಜೆಟ್ ಹಾಕುವಾಗ ಪೂರ್ತಿ ದುಡ್ಡನ್ನು ಗಾಡಿಗೇ ಸುರಿಯಬೇಡಿ. ಒಂದಷ್ಟು ಎತ್ತಿಡಿ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಎಲ್ಲ ಆಯಿಲ್‌ಗಳು ಮೊದಲ ವರ್ಷದಲ್ಲೇ ಕೈ ಚಾಚಬಹುದು.

ಎಷ್ಟು ಕಿಲೋಮೀಟರ್ ಓಡಿದ್ದರೆ ಪರವಾಗಿಲ್ಲ?

ಬರೀ ಮೀಟರ್ ನೋಡಿ ನಿರ್ಧಾರ ಮಾಡಬೇಡಿ. ಹೈವೇಯಲ್ಲಿ 90,000 ಕಿಲೋಮೀಟರ್ ಓಡಿ ಸರಿಯಾಗಿ ಸರ್ವಿಸ್ ಆದ ಗಾಡಿ ಒಂದು. ಟ್ರಾಫಿಕ್ಕಿನಲ್ಲಿ ತೆವಳಿಕೊಂಡು 40,000 ಓಡಿ, ಆಯಿಲ್ ಬದಲಾಯಿಸದೆ ಬಿಟ್ಟಿದ್ದು ಇನ್ನೊಂದು. ನನಗೆ ಮೊದಲನೆಯದೇ ಇಷ್ಟ. ದಿನಾ ಎರಡು ಕಿಲೋಮೀಟರ್ ಓಡುವ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ತೇವ ಕೂರುತ್ತದೆ, ಇಂಧನ ಆಯಿಲ್‌ಗೆ ಸೇರುತ್ತದೆ.

ತುಂಬಾ ಕಮ್ಮಿ ಓಡಿದ ಹಳೆ ಗಾಡಿಗೂ ಅದರದ್ದೇ ತೊಂದರೆ ಇದೆ. ನಿಂತ ಕಡೆ ನಿಂತು ರಬ್ಬರ್ ಸೀಲ್ ಒಣಗುತ್ತವೆ, ಟೈರ್ ಗಡುಸಾಗುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ.

ಪೆಟ್ರೋಲ್, ಡೀಸೆಲ್, ಹೈಬ್ರಿಡ್, ಎಲೆಕ್ಟ್ರಿಕ್: ಯಾವುದು?

ಇದಕ್ಕೆ ಉತ್ತರ ನಿಮ್ಮ ಓಡಾಟದಲ್ಲೇ ಇದೆ.

ಡೀಸೆಲ್ ದೂರ ಓಡುವವರಿಗೆ. ಈಗಿನ ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇದೆ, ಡಿಪಿಎಫ್ ಅಂತ. ಅದು ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಸಿಯನ್ನು ಸುಟ್ಟು ತಾನೇ ಸ್ವಚ್ಛ ಆಗುತ್ತದೆ. ಆ ಶಾಖ ಬರಬೇಕಾದರೆ ಗಾಡಿ ಒಂದೇ ಸಮ ಸ್ವಲ್ಪ ಹೊತ್ತು ಓಡಬೇಕು. ಊರೊಳಗೆ ಮಾತ್ರ ಓಡುವ ಡೀಸೆಲ್‌ನಲ್ಲಿ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದು ದೊಡ್ಡ ಖರ್ಚು. ಊರೊಳಗಿನ ಓಡಾಟಕ್ಕೆ ಡೀಸೆಲ್ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಪೆಟ್ರೋಲ್‌ನಲ್ಲಿ ಎರಡು ಥರ. ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಲ್ಲದ ಎಂಜಿನ್ ಸರಳ. ಪಿಕಪ್ ಕಮ್ಮಿ, ತಲೆನೋವೂ ಕಮ್ಮಿ. ಚಿಕ್ಕ ಟರ್ಬೊ ಎಂಜಿನ್‌ಗೆ ಪಿಕಪ್ ಚೆನ್ನಾಗಿರುತ್ತದೆ, ಆದರೆ ಆಯಿಲ್ ವಿಷಯದಲ್ಲಿ ರಾಜಿ ನಡೆಯುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಗ್ರೇಡ್ ಆಯಿಲನ್ನು ಸರಿಯಾದ ಸಮಯಕ್ಕೆ ಹಾಕಲೇಬೇಕು. ಸೆಕೆಂಡ್ ಹ್ಯಾಂಡ್ ಟರ್ಬೊ ನೋಡುತ್ತಿದ್ದರೆ ಆಯಿಲ್ ಬದಲಾಯಿಸಿದ ಬಿಲ್‌ಗಳನ್ನು ಕೇಳಿ ಪಡೆಯಿರಿ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಹೋಗುತ್ತದೆ. ಹಾಗಾಗಿ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವ ಇಂಧನ ಅಲ್ಲಿ ಇರುವುದಿಲ್ಲ. ವರ್ಷಗಳು ಕಳೆದಂತೆ ಅವುಗಳ ಮೇಲೆ ಕಾರ್ಬನ್ ಕಟ್ಟಬಹುದು. ಗಾಡಿ ನಿಂತಲ್ಲೇ ನಡುಗುವುದು, ಪಿಕಪ್ ಇಳಿಯುವುದು ಇದರ ಗುರುತು.

ಹೈಬ್ರಿಡ್, ಅಂದರೆ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ ಇರುವ ಗಾಡಿ, ಟ್ರಾಫಿಕ್ಕಿನಲ್ಲಿ ಓಡುವವರಿಗೆ ಹೇಳಿ ಮಾಡಿಸಿದ್ದು. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾಳಾಗಬೇಕಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಹಿಡಿದು ಬ್ಯಾಟರಿಗೆ ಹಾಕುತ್ತದೆ. ನಿಂತು ನಿಂತು ಹೋದಷ್ಟೂ ಲಾಭ. ಒಂದೇ ಸಮ ಹೈವೇಯಲ್ಲಿ ಓಡಿದರೆ ಆ ಲಾಭ ಅಷ್ಟಿಲ್ಲ. ಹಳೆ ಹೈಬ್ರಿಡ್ ತಗೊಳ್ಳುವುದಾದರೆ ಹಿಂದಿನ ಸೀಟಿನ ಬುಡದಲ್ಲಿ ಒಂದು ಜಾಲರಿ ಇದೆಯಾ ನೋಡಿ. ಹಲವು ಮಾಡೆಲ್‌ಗಳಲ್ಲಿ ಬ್ಯಾಟರಿ ತಂಪಾಗಿಸುವ ಫ್ಯಾನ್ ಗಾಳಿ ಎಳೆಯುವುದು ಅಲ್ಲಿಂದ. ಅದರಲ್ಲಿ ಧೂಳು, ನಾಯಿ ಕೂದಲು ತುಂಬಿದ್ದರೆ ಬ್ಯಾಟರಿ ಬಿಸಿಯಲ್ಲಿ ಬೆಂದಿರಬಹುದು.

ಎಲೆಕ್ಟ್ರಿಕ್ ಮನೆಯಲ್ಲೇ ಚಾರ್ಜ್ ಮಾಡೋಕೆ ಜಾಗ ಇರುವವರಿಗೆ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಸೆಕೆಂಡ್ ಹ್ಯಾಂಡ್ ಆದರೆ ಆ ವಾರಂಟಿ ನಿಮ್ಮ ಹೆಸರಿಗೆ ವರ್ಗ ಆಗುತ್ತದಾ ಅಂತ ಬರಹದಲ್ಲಿ ಕೇಳಿ. ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟಿದೆ ಅನ್ನುವ ರಿಪೋರ್ಟನ್ನೂ ತೆಗೆಸಿ.

ಆಟೊಮ್ಯಾಟಿಕ್‌ನಲ್ಲಿ ಎಷ್ಟೊಂದು ಥರ! ಯಾವುದು ಬಾಳಿಕೆ ಬರುತ್ತದೆ?

ಬಾಳಿಕೆ ಒಂದೇ ಮುಖ್ಯ ಅಂದರೆ ನನ್ನ ಮತ ಟಾರ್ಕ್ ಕನ್ವರ್ಟರ್‌ಗೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಆಯಿಲ್ ಇದ್ದು, ಶಕ್ತಿ ಅದರ ಮೂಲಕ ದಾಟುತ್ತದೆ. ಹಾಗಾಗಿ ಟ್ರಾಫಿಕ್ಕಿನಲ್ಲಿ ತೆವಳಿದರೂ ಕ್ಲಚ್ ಸವೆಯುವ ಚಿಂತೆ ಇಲ್ಲ.

ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಪುಲ್ಲಿಗಳು ಅಗಲ ಕಿರಿದು ಆಗುತ್ತಾ ಅನುಪಾತ ಬದಲಾಗುತ್ತದೆ. ಜರ್ಕ್ ಇಲ್ಲ, ಮೈಲೇಜ್ ಚೆನ್ನಾಗಿರುತ್ತದೆ. ಆದರೆ ಅದರ ಆಯಿಲ್ ಬದಲಾಯಿಸದಿದ್ದರೆ ಬೇಗ ಸೊರಗುತ್ತದೆ. ಓಡಿಸುವಾಗ ನಿಧಾನ ವೇಗದಲ್ಲಿ ಅದುರಿದರೆ, ಕೊರೆಯುವಂಥ ಶಬ್ದ ಬಂದರೆ ಬಿಟ್ಟುಬಿಡಿ. ಟೊಯೋಟಾ ಹೈಬ್ರಿಡ್‌ಗಳಲ್ಲಿ ಇ-ಸಿವಿಟಿ ಅಂತ ಇರುತ್ತದೆ. ಹೆಸರು ಮಾತ್ರ ಒಂದೇ, ಒಳಗೆ ಬೆಲ್ಟ್ ಇಲ್ಲ, ಹಲ್ಲಿನ ಚಕ್ರಗಳು. ಅದು ಗಟ್ಟಿ.

ಡ್ಯುಯಲ್ ಕ್ಲಚ್‌ನಲ್ಲಿ ಎರಡು ಕ್ಲಚ್ ಸರದಿಯಲ್ಲಿ ಗೇರ್ ಬದಲಾಯಿಸುತ್ತವೆ, ಹೈವೇಯಲ್ಲಿ ಖುಷಿ ಕೊಡುತ್ತದೆ. ಒಣ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಇರುವ ಮಾಡೆಲ್‌ಗಳು ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತವೆ. ಅಂಥ ಗಾಡಿಯನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸುವ ಅಭ್ಯಾಸ ಇದ್ದವರಿಂದ ಕೊಂಡರೆ ಕ್ಲಚ್ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಆಲ್ ವೀಲ್ ಡ್ರೈವ್ ಬೇಕಾ?

ಹಿಮ, ಕೆಸರು, ಮಣ್ಣಿನ ಏರು ನಿಮ್ಮ ವಾರದ ದಾರಿಯಲ್ಲಿದ್ದರೆ ಬೇಕು. ವರ್ಷಕ್ಕೊಂದು ಸಲ ಅಂದರೆ ಬೇಡ. ಬಹಳಷ್ಟು ಕಾಂಪ್ಯಾಕ್ಟ್ ಕ್ರಾಸ್‌ಓವರ್‌ಗಳು ಮಾಮೂಲಿ ಹೊತ್ತಿನಲ್ಲಿ ಮುಂದಿನ ಚಕ್ರದಿಂದಲೇ ಓಡುತ್ತವೆ. ಮುಂದಿನದು ಜಾರಿದಾಗ ಒಂದು ಕ್ಲಚ್ ಹಿಡಿದು ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತದೆ.

ತುಂಬಾ ಜನ ತಪ್ಪು ತಿಳಿದುಕೊಂಡಿರುವ ವಿಷಯ ಒಂದಿದೆ. ಆಲ್ ವೀಲ್ ಡ್ರೈವ್ ಹೊರಡೋಕೆ ಸಹಾಯ ಮಾಡುತ್ತದೆ, ನಿಲ್ಲೋಕೆ ಅಲ್ಲ. ಬ್ರೇಕ್ ಹಾಕಿದಾಗ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಅಲ್ವಾ? ಅಲ್ಲಿ ಕೆಲಸ ಮಾಡುವುದು ಟೈರ್ ಹಿಡಿತ ಮಾತ್ರ. ಒದ್ದೆ ರಸ್ತೆಯಲ್ಲಿ ಸವೆದ ಟೈರಿನ ಆಲ್ ವೀಲ್ ಡ್ರೈವ್‌ಗಿಂತ ಒಳ್ಳೆ ಟೈರಿನ ಮಾಮೂಲಿ ಗಾಡಿ ಬೇಗ ನಿಲ್ಲುತ್ತದೆ.

ಹಳೆ ಆಲ್ ವೀಲ್ ಡ್ರೈವ್ ಕೊಳ್ಳುವಾಗ ನಾಲ್ಕೂ ಟೈರ್ ಒಂದೇ ಕಂಪನಿ, ಒಂದೇ ಅಳತೆ, ಹತ್ತಿರ ಹತ್ತಿರ ಒಂದೇ ಸವೆತ ಇದೆಯಾ ನೋಡಿ. ಸುತ್ತಳತೆ ಹೆಚ್ಚು ಕಮ್ಮಿ ಇದ್ದರೆ ಹಿಂದಿನ ಕ್ಲಚ್, ಡಿಫರೆನ್ಷಿಯಲ್ ಸುಮ್ನೆ ದುಡಿದು ಹಾಳಾಗುತ್ತವೆ.

5 ಸ್ಟಾರ್ ಅಂದರೆ ಸೇಫ್ ಅಂತ ತಾನೇ?

ಯಾವ ವರ್ಷದ 5 ಸ್ಟಾರ್ ಅಂತ ಕೇಳಿ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಮೊದಲ ಫಲಿತಾಂಶ ಕೊಟ್ಟಿದ್ದು 1997ರಲ್ಲಿ. ಆಮೇಲೆ ಪರೀಕ್ಷೆ ಕಠಿಣ ಆಗುತ್ತಲೇ ಬಂದಿದೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಸ್ಟಾರ್ ಲೆಕ್ಕಕ್ಕೆ ತಂದಿದ್ದು 2014ರಲ್ಲಿ. ಅಮೆರಿಕದ ಐಐಎಚ್‌ಎಸ್ ಸಂಸ್ಥೆ ಕಾರಿನ ಮುಂಭಾಗದ ಒಂದು ಮೂಲೆ ಮಾತ್ರ ಗುದ್ದುವ ಪರೀಕ್ಷೆಯನ್ನು 2012ರಲ್ಲಿ ಶುರು ಮಾಡಿತು. ಅದಕ್ಕೂ ಮುಂಚೆ ಒಳ್ಳೆ ಅಂಕ ತಗೊಂಡಿದ್ದ ಎಷ್ಟೋ ಗಾಡಿಗಳು ಅದರಲ್ಲಿ ಎಡವಿದವು. ಹಾಗಾಗಿ 2010ರ 5 ಸ್ಟಾರ್ ಮತ್ತು 2022ರ 5 ಸ್ಟಾರ್ ಒಂದೇ ಅಲ್ಲ. ಇನ್ನೊಂದು ವಿಷಯ, ಒಂದೇ ಮಾಡೆಲ್ ಬೇರೆ ದೇಶದಲ್ಲಿ ಕಮ್ಮಿ ಏರ್‌ಬ್ಯಾಗ್‌ನೊಂದಿಗೆ ಮಾರಾಟ ಆಗುವುದುಂಟು. ಪರೀಕ್ಷೆಗೆ ಹೋದ ಗಾಡಿಯಲ್ಲಿ ಏನೇನಿತ್ತು, ನಿಮ್ಮದರಲ್ಲಿ ಏನಿದೆ ಅಂತ ಹೋಲಿಸಿ.

ಎತ್ತರದ ಗಾಡಿಗೆ ಇಎಸ್‌ಸಿ, ಅಂದರೆ ಜಾರುವಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುವ ವ್ಯವಸ್ಥೆ, ಇರಲೇಬೇಕು. ಗುರುತ್ವ ಕೇಂದ್ರ ಮೇಲಿರುವ ಗಾಡಿ ಪಲ್ಟಿ ಹೊಡೆಯುವ ಅಪಾಯ ಜಾಸ್ತಿ. ಅದನ್ನು ತುಂಬಾ ಮಟ್ಟಿಗೆ ತಡೆಯುವುದು ಇದೇ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಇದು ಕಡ್ಡಾಯ. ಎಲ್ಲ ಕಡೆ ಹಾಗಿಲ್ಲ. ಸೆಕೆಂಡ್ ಹ್ಯಾಂಡ್ ನೋಡುವಾಗ ಸನ್‌ರೂಫ್ ಇದೆಯಾ ಅಂತ ಕೇಳುವ ಮುಂಚೆ ಇಎಸ್‌ಸಿ ಇದೆಯಾ ಅಂತ ಕೇಳಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಮಗು ಇದ್ದರೆ ಹಿಂದಿನ ಸೀಟಿನ ಸಂದಿಯಲ್ಲಿ ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಗಳಿವೆಯಾ ಕೈ ಹಾಕಿ ನೋಡಿ. ನಿಮ್ಮ ಚೈಲ್ಡ್ ಸೀಟನ್ನೇ ತಗೊಂಡು ಹೋಗಿ ಕೂರಿಸಿ ನೋಡಿದರೆ ಇನ್ನೂ ಒಳ್ಳೆಯದು.

ಹಳೆ ಗಾಡಿ ನೋಡೋಕೆ ಹೋದಾಗ ಮೊದಲು ಏನು ಮಾಡಬೇಕು?

ಬಾನೆಟ್ ಮೇಲೆ ಕೈ ಇಡಿ. ತಣ್ಣಗಿರಬೇಕು.

ಒಂದು ಸಲ ಒಂದು ಚೆಂದದ ಕ್ರಾಸ್‌ಓವರ್ ನೋಡೋಕೆ ಹೋಗಿದ್ದೆ. ಬಣ್ಣ ಹೊಳೆಯುತ್ತಿತ್ತು, ಒಳಗೆ ಸೀಟ್ ಕವರ್ ಕೂಡ ಹೊಸದು. ಕೈ ಇಟ್ಟರೆ ಬಾನೆಟ್ ಬಿಸಿ. "ಈಗ ತಾನೇ ತೊಳೆಸಿಕೊಂಡು ಬಂದೆ" ಅಂದರು ಮಾಲೀಕರು. ಎಂಜಿನ್ ಶಬ್ದ ಬೆಣ್ಣೆ ಹಾಗಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ. ಮಾರನೇ ದಿನ ಬೆಳಿಗ್ಗೆ ಬೇಗ ಬರುತ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂದೆ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಮೂರು ಸೆಕೆಂಡ್ ಒಂದು ಶಬ್ದ ಬಂತು. ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ಮತ್ತೆ ಬೆಣ್ಣೆ. ಅದು ಸಡಿಲ ಆದ ಟೈಮಿಂಗ್ ಚೈನಿನ ಶಬ್ದ. ಆಯಿಲ್ ಒತ್ತಡ ಏರುವವರೆಗೆ ಮಾತ್ರ ಕೇಳಿಸುತ್ತದೆ. ಬಿಸಿ ಎಂಜಿನ್‌ನಲ್ಲಿ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವತ್ತಿನಿಂದ ತಣ್ಣಗಿರುವ ಎಂಜಿನ್ ನೋಡದೆ ನಾನು ಯಾರಿಗೂ ಗಾಡಿ ಕೊಡಿಸಿಲ್ಲ.

ಸ್ಟಾರ್ಟ್ ಮಾಡುವಾಗ ಒಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಲು ಹೇಳಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಎಂಜಿನ್ ತಂಪಾಗಿಸುವ ದ್ರವ, ಕೂಲೆಂಟ್, ಸಿಲಿಂಡರ್ ಒಳಗೆ ಹೋಗುತ್ತಿದೆ. ಚಳಿಯಲ್ಲಿ ಮೊದಲ ಎರಡು ನಿಮಿಷ ಬರುವ ತೆಳು ಹಬೆಗೆ ಹೆದರಬೇಡಿ, ಅದು ನೀರಿನ ಆವಿ. ಆಯಿಲ್ ಕ್ಯಾಪ್ ತೆಗೆದು ಒಳಬದಿ ನೋಡಿ. ಮಜ್ಜಿಗೆ ಬಣ್ಣದ ನೊರೆ ಅಂಟಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಹತ್ತಿರ ಹತ್ತಿರವೇ ಓಡುವ ಗಾಡಿಯಲ್ಲೂ ಹೀಗೆ ಆಗುತ್ತದೆ, ಎಂಜಿನ್‌ನ ಎರಡು ಭಾಗಗಳ ನಡುವಿನ ಸೀಲ್, ಹೆಡ್ ಗ್ಯಾಸ್ಕೆಟ್, ಹೋದರೂ ಆಗುತ್ತದೆ. ಎರಡರಲ್ಲಿ ಯಾವುದು ಅಂತ ಅವರೇ ಹೇಳಬೇಕು.

ಆಮೇಲೆ ಬಾಡಿ. ಹಗಲಿನಲ್ಲೇ ನೋಡಿ, ಮಳೆಯಲ್ಲಿ ಬೇಡ. ಒದ್ದೆ ಗಾಡಿಯಲ್ಲಿ ಎಲ್ಲ ಬಣ್ಣವೂ ಒಂದೇ ಥರ ಕಾಣುತ್ತದೆ. ಬಾನೆಟ್ ಎತ್ತಿ ಮುಂದಿನ ಫೆಂಡರ್ ಹಿಡಿದಿರುವ ಬೋಲ್ಟ್‌ಗಳನ್ನು ಹತ್ತಿರದಿಂದ ನೋಡಿ. ಕಾರ್ಖಾನೆಯಲ್ಲಿ ಅವುಗಳ ಮೇಲೂ ಬಣ್ಣ ಬಿದ್ದಿರುತ್ತದೆ. ಅಂಚಿನಲ್ಲಿ ಬಣ್ಣ ಎದ್ದು ಲೋಹ ಕಂಡರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಕೇಳಿ, ಯಾಕೆ ಬಿಚ್ಚಿದಿರಿ ಅಂತ. ಬಾಗಿಲುಗಳ ಸಂದು ಎಡಕ್ಕೂ ಬಲಕ್ಕೂ ಒಂದೇ ಅಳತೆ ಇರಬೇಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಗಾಡಿಗಿಂತ ಟೈರ್ ವರ್ಷಗಟ್ಟಲೆ ಹಳೆಯದಾಗಿದ್ದರೆ ಬೇರೆ ಕಡೆಯ ಹಳೆ ಟೈರ್ ಹಾಕಿದ್ದಾರೆ. ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲವೇ ಸಸ್ಪೆನ್ಷನ್ ಪೆಟ್ಟು ತಿಂದಿದೆ.

ಕೊನೆಗೆ ಚಾಸಿ ನಂಬರ್. 17 ಅಕ್ಷರ ಮತ್ತು ಅಂಕಿಗಳು ಇರುತ್ತವೆ. 1 ಮತ್ತು 0 ಜೊತೆ ಗೊಂದಲ ಆಗಬಾರದು ಅಂತ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಗಾಡಿಯ ಮೇಲಿನ ನಂಬರ್ ಕಾಗದದಲ್ಲಿರುವುದಕ್ಕೆ ತಾಳೆ ಆಗಬೇಕು. ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ರೀಕಾಲ್, ಅಂದರೆ ದೋಷ ಸರಿಪಡಿಸೋಕೆ ಕಂಪನಿ ಗಾಡಿಯನ್ನು ವಾಪಸ್ ಕರೆದಿದ್ದು, ಬಾಕಿ ಇದೆಯಾ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ದೋಷಕ್ಕೆ ಎಷ್ಟೋ ಕಂಪನಿಗಳ ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆದಿದ್ದರು. ರೀಕಾಲ್ ಕೆಲಸ ಮಾಡಿಸದ ಗಾಡಿ ಈಗಲೂ ಕೈಯಿಂದ ಕೈಗೆ ಹೋಗುತ್ತಿರಬಹುದು.

ಮೀಟರ್ ತಿರುಗಿಸಿದ್ದಾರಾ ಅಂತ ಹೇಗೆ ಗೊತ್ತಾಗುತ್ತದೆ?

ಡಿಜಿಟಲ್ ಮೀಟರನ್ನೂ ಬದಲಾಯಿಸಬಹುದು. ಆದರೆ ಮನುಷ್ಯರ ಕೈಕಾಲು ತಾಗಿದ ಕಡೆ ಸುಳ್ಳು ನಿಲ್ಲುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ನೋಡಿ. ಗೆರೆಗಳು ಮಾಯವಾಗಿ ನುಣುಪಾಗಿದ್ದರೆ, ಮೀಟರ್ ಮಾತ್ರ 30,000 ತೋರಿಸುತ್ತಿದ್ದರೆ ಅನುಮಾನ ಪಡಿ. ಪೆಡಲ್ ರಬ್ಬರ್ ಹೊಚ್ಚ ಹೊಸದಾಗಿದ್ದರೂ ಕೇಳಬೇಕಾದ್ದೇ. ಸ್ಟೀರಿಂಗಿನ ಎಡ ಬಲ ಹಿಡಿಯುವ ಜಾಗ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಕಿಟಕಿ ಬಟನ್, ಇವೆಲ್ಲ ವಯಸ್ಸು ಹೇಳುತ್ತವೆ. ಸರ್ವಿಸ್ ಬಿಲ್‌ಗಳಲ್ಲಿ ದಿನಾಂಕ ಮತ್ತು ಕಿಲೋಮೀಟರ್ ಏರುತ್ತಾ ಹೋಗಬೇಕು. ನಡುವೆ ಒಂದು ವರ್ಷದ್ದು ಕಾಣೆಯಾಗಿದ್ದರೆ ಅದೇ ವರ್ಷದ್ದನ್ನು ಕೇಳಿ.

ನೀರಲ್ಲಿ ಮುಳುಗಿದ ಗಾಡಿ ಅಂತ ಪತ್ತೆ ಮಾಡೋದು ಹೇಗೆ?

ಸೀಟ್ ಬೆಲ್ಟ್ ಎಳೆಯಿರಿ. ಕೊನೆ ತನಕ. ಮುಳುಗಿದ ಗಾಡಿಯನ್ನು ತೊಳೆಯುವವರು ಕಾರ್ಪೆಟ್ ಬದಲಾಯಿಸುತ್ತಾರೆ, ಸುಗಂಧ ಹೊಡೆಯುತ್ತಾರೆ, ಆದರೆ ಬೆಲ್ಟಿನ ಸುರುಳಿಯ ಕೊನೆ ಮೊಳವನ್ನು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ, ಬೂಷ್ಟಿನ ಚುಕ್ಕೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮಣ್ಣು ಇದೆಯಾ ನೋಡಿ. ಸೀಟಿನ ಕೆಳಗಿನ ಹಳಿ, ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದ್ದರೆ ಮುಂದೆ ಮಾತು ಬೇಡ. ಈಗಿನ ಗಾಡಿಯಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳು, ವೈರಿಂಗ್ ಸೀಟಿನ ಕೆಳಗೆ, ಕಾರ್ಪೆಟ್ ಕೆಳಗೆ ಹಾದುಹೋಗುತ್ತವೆ. ಇವತ್ತು ಓಡುತ್ತದೆ, ಆರು ತಿಂಗಳ ಮೇಲೆ ಒಂದೊಂದೇ ಕೈ ಕೊಡುತ್ತದೆ. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

ಟೆಸ್ಟ್ ಡ್ರೈವ್‌ನಲ್ಲಿ ಏನು ಗಮನಿಸಬೇಕು?

ಬ್ಲಾಕ್ ಸುತ್ತಿ ಬರುವುದು ಟೆಸ್ಟ್ ಡ್ರೈವ್ ಅಲ್ಲ. ಅರ್ಧ ಗಂಟೆಯಾದರೂ ಬೇಕು. ಮ್ಯೂಸಿಕ್ ಆಫ್ ಮಾಡಿ, ಎಸಿಯನ್ನು ಸ್ವಲ್ಪ ಹೊತ್ತು ಆಫ್, ಸ್ವಲ್ಪ ಹೊತ್ತು ಆನ್ ಮಾಡಿ. ಖಾಲಿ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಎರಡೂ ಕಡೆ ವೃತ್ತ ಹೊಡೆಯಿರಿ. ಟಕ್ ಟಕ್ ಅಂದರೆ ಚಕ್ರಕ್ಕೆ ಶಕ್ತಿ ದಾಟಿಸುವ ಕೀಲು, ಸಿವಿ ಜಾಯಿಂಟ್, ಹೋಗಿದೆ. ನಿಧಾನವಾಗಿ ಹಂಪ್ ಹತ್ತಿಸಿ, ಸಸ್ಪೆನ್ಷನ್ ಕಟಕಟ ಅನ್ನಬಾರದು. ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಬಾರದು. ಹಿಂದೆ ಗಾಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಇದನ್ನು ನೋಡಿ.

ಎತ್ತರದ ಬಾಡಿ ಇರುವ ಗಾಡಿಯಲ್ಲಿ ಮುಂದಿನ ಗಾಜಿನ ಪಕ್ಕದ ಕಂಬ ದಪ್ಪ, ಹಿಂದಿನ ಕಿಟಕಿ ಚಿಕ್ಕದು. ಹಿಂದೆ ಮಗು ನಿಂತರೆ ಕಾಣುವುದಿಲ್ಲ. ರಿವರ್ಸ್ ಕ್ಯಾಮೆರಾ ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಬೇಗ ಬರುತ್ತದೆ ಅಂತ ನೋಡಿ. ನಿಮ್ಮ ಮನೆ ಪಾರ್ಕಿಂಗ್ ಅಳತೆ ಬರೆದುಕೊಂಡು ಹೋಗಿ. ಗಾಡಿಯ ಅಗಲ ಹೇಳುವಾಗ ಕಂಪನಿಗಳು ಕನ್ನಡಿ ಬಿಟ್ಟು ಹೇಳುವುದೇ ಹೆಚ್ಚು.

ದೊಡ್ಡ ವೀಲ್, ಪನೋರಮಿಕ್ ಸನ್‌ರೂಫ್ ಇರುವ ಟಾಪ್ ಮಾಡೆಲ್ ತಗೊಳ್ಳಬಹುದಾ?

ನಾನಾದರೆ ನಡುವಿನ ಮಾಡೆಲ್ ತಗೊಳ್ಳುತ್ತೇನೆ. 19 ಇಂಚಿನ ವೀಲ್ ಅಂದರೆ ಟೈರಿನ ಗೋಡೆ ಗಿಡ್ಡ. ಗುಂಡಿ ಬಿದ್ದರೆ ಪೆಟ್ಟು ನೇರ ರಿಮ್‌ಗೆ, ಆಮೇಲೆ ನಿಮ್ಮ ಬೆನ್ನಿಗೆ. ಟೈರೂ ದುಬಾರಿ. ಅದೇ ಗಾಡಿ 17 ಇಂಚಿನ ವೀಲಿನಲ್ಲಿ ಎಷ್ಟು ಮೆತ್ತಗೆ ಓಡುತ್ತದೆ ಅಂತ ಒಂದು ಸಲ ಓಡಿಸಿ ನೋಡಿ. ಸನ್‌ರೂಫ್‌ಗೆ ನೀರು ಇಳಿಯುವ ಸಣ್ಣ ಪೈಪುಗಳಿರುತ್ತವೆ. ಎಲೆ, ಧೂಳು ಕಟ್ಟಿದರೆ ನೀರು ಒಳಗೆ ಬರುತ್ತದೆ. ಹಳೆ ಗಾಡಿಯಾದರೆ ಚಾವಣಿ ಬಟ್ಟೆಯ ಮೂಲೆಗಳಲ್ಲಿ ಕಂದು ಕಲೆ ಇದೆಯಾ ನೋಡಿ.

7 ಸೀಟಿನದ್ದು ತಗೊಂಡರೆ ಹೇಗೆ?

ಕಾಂಪ್ಯಾಕ್ಟ್ ಗಾಡಿಯ ಮೂರನೇ ಸಾಲು ಚಿಕ್ಕ ಮಕ್ಕಳಿಗೆ, ಸ್ವಲ್ಪ ದೂರಕ್ಕೆ. ಅದನ್ನು ಎತ್ತಿದರೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ. ದಿನಾ 7 ಜನ ಹೋಗುವವರಿಗೆ ದೊಡ್ಡ ಗಾಡಿ ಅಥವಾ ಎಂಪಿವಿ (ವ್ಯಾನಿನಂಥ, ಹೆಚ್ಚು ಜನ ಕೂರುವ ಕಾರು) ಸರಿ.

ಮೆಕ್ಯಾನಿಕ್‌ಗೆ ತೋರಿಸುತ್ತೇನೆ ಅಂದರೆ ಮಾಲೀಕರು ಒಪ್ಪುತ್ತಿಲ್ಲ. ಏನು ಮಾಡಲಿ?

ಬಿಟ್ಟುಬಿಡಿ. ಗಾಡಿ ಚೆನ್ನಾಗಿದೆ ಅಂತ ನಂಬಿರುವವರು ತೋರಿಸೋಕೆ ಹಿಂಜರಿಯುವುದಿಲ್ಲ. ಮೆಕ್ಯಾನಿಕ್ ನೀವೇ ಹುಡುಕಿದವರಾಗಿರಲಿ, ಮಾರುವವರ ಕಡೆಯವರಲ್ಲ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ ಕೆಳಗಿನಿಂದ ನೋಡಬೇಕು. ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ. ಅದನ್ನು ಸಿಕ್ಕಿಸುವ, ಸ್ಟೀರಿಂಗ್ ಕೆಳಗಿನ ಸಾಕೆಟ್ ಅಮೆರಿಕದಲ್ಲಿ 1996ರಿಂದಲೇ ಕಡ್ಡಾಯ, ಈಗ ಹೆಚ್ಚುಕಮ್ಮಿ ಎಲ್ಲ ಗಾಡಿಯಲ್ಲೂ ಇದೆ. ದೋಷದ ಕೋಡ್ ಇಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಅವತ್ತು ಬೆಳಿಗ್ಗೆಯಷ್ಟೇ ಅಳಿಸಿದ್ದರೆ ಸ್ವಯಂ ಪರೀಕ್ಷೆಗಳು ಇನ್ನೂ ಪೂರ್ತಿ ಆಗಿಲ್ಲ ಅಂತ ಸ್ಕ್ಯಾನರ್ ತೋರಿಸುತ್ತದೆ. ಅದನ್ನೂ ನೋಡಲು ಹೇಳಿ.

ಸೆಕೆಂಡ್ ಹ್ಯಾಂಡ್ ಗಾಡಿ ಮನೆಗೆ ಬಂತು. ಮೊದಲು ಏನು ಮಾಡಿಸಲಿ?

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಬದಲಾಯಿಸಿ ಎರಡು ವರ್ಷ ಆಗಿದ್ದರೆ, ಅಥವಾ ಯಾವಾಗ ಅಂತ ಗೊತ್ತಿಲ್ಲದಿದ್ದರೆ ಅದನ್ನೂ ಹೊಸದು ಹಾಕಿಸಿ. ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದ್ದು, ಬದಲಾಯಿಸಿದ ಬಿಲ್ ಸಿಗದಿದ್ದರೆ ಕಾಯಬೇಡಿ. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಮುಂದಿನ ಗಾಜು ಹೊಸದಾಗಿ ಹಾಕಿಸಿದ್ದರೆ, ಅದರ ಹಿಂದಿರುವ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಿದ್ದಾರಾ ಕೇಳಿ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ರಸ್ತೆ ನೋಡುವುದು ಅದರಿಂದಲೇ.

ಇಷ್ಟೆಲ್ಲ ಆದ ದಿನದ ತಾರೀಕು, ಕಿಲೋಮೀಟರ್ ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಬರೆದು ಗ್ಲೋವ್ ಬಾಕ್ಸ್‌ನಲ್ಲಿ ಇಡಿ. ನನ್ನ ಈಗಿನ ಗಾಡಿಯನ್ನು ಕೊಟ್ಟವರು ಅಂಥದ್ದೊಂದು ನೋಟ್‌ಬುಕ್ ಕೊಟ್ಟಿದ್ದರು. ಆರು ವರ್ಷದ ಲೆಕ್ಕ, ನೀಲಿ ಪೆನ್ನಿನಲ್ಲಿ, ವೈಪರ್ ರಬ್ಬರ್ ಬದಲಾಯಿಸಿದ ದಿನದ ಸಮೇತ. ಬೆಲೆ ಬಗ್ಗೆ ನಾನು ಆಮೇಲೆ ಜಾಸ್ತಿ ಮಾತಾಡಲಿಲ್ಲ.